ಗರಸು ಹಾದಿಯ ರಸವಿಚಾರ

ಪ್ರವಾಸಕಥನವು ಕನ್ನಡಕ್ಕೆ ಹೊಸದಲ್ಲ. ಯಾತ್ರೆಗೆ ಹೋಗಿ ಬಂದವನು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹೇಳುವ ಸುದ್ದಿಯೇ ಅದರ ಮೂಲರೂಪವೆಂದರೂ ಸಲ್ಲುವುದು. ಆದರೆ ಈಚಿನ ಕೆಲವು ದಶಕಗಳಲ್ಲಿ ಈ ವಾಙ್ಮಯಕ್ಕೆ ಯುರೋಪಖಂಡದಲ್ಲಿ ಒಂದು ಹೊಸ ಕವಲು ಒಡೆದಿರುವುದು. ಡಾಂಬರು ಕಾಣದ, ಮೋಟಾರುಗಳ ಗದ್ದಲವಿಲ್ಲದ, ಸಣ್ಣ ಹರಳು ಹಾಸಿದ ಹಾದಿಗಳನ್ನು ಅರಸಿಕೊಂಡು ಹೋಗಿ, ದ್ರಾಕ್ಷಿಯ ತೋಟ, ಆಲಿವ್ ಮರಗಳ ತೋಪುಗಳ ನಡುವೆ ಸೈಕಲ್ಲಿನ ಮೇಲೆ ಸಾವಕಾಶವಾಗಿ ಸಾಗಿ, ಸಾಗಿದ ಹಾದಿಯನ್ನು ಮತ್ತೊಬ್ಬ ಸವಾರನಿಗೆ ವರ್ಣಿಸಿ ಹೇಳುವ ಬರವಣಿಗೆಯೇ ಆ ಕವಲು. ಇದಕ್ಕೆ ಓದುಗರು ಬಹಳ. ಬೆಂಗಳೂರಿನಿಂದ ಬೆಳಗಿನ ಜಾವದಲ್ಲಿ ಸೈಕಲ್ಲೇರಿ ನಂದಿಬೆಟ್ಟದ ಬುಡದ ದ್ರಾಕ್ಷಿಯ ತೋಟಗಳತ್ತ ಹೊರಡುವವರೂ ಇಂದು ವಿರಳರಲ್ಲ. ಆದುದರಿಂದ ಈ ಬಗೆಯ ಬರವಣಿಗೆಯ ಗುಣವೇನು, ದೋಷವೇನು, ಅದೇ ಕಣ್ಣಿನಿಂದ ಗದಗ ಸೀಮೆಯ ಒಂದು ಹಾದಿಯನ್ನು ನೋಡಿದರೆ ಕಾಣುವುದೇನು, ಕಾಣದೆ ಹೋಗುವುದೇನು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ರಸವಿಚಾರಕ್ಕೆ ಮೊದಲು ವಸ್ತುವಿಚಾರ ನಡೆಯಬೇಕು. ಹರಳು ಹಾಸಿದ ಹಾದಿಯೆಂದರೆ ಕೆಟ್ಟ ಹಾದಿಯೆಂದು ತಿಳಿಯುವುದು ತಪ್ಪು. 19ನೆಯ ಶತಮಾನದ ಮೊದಲ ಭಾಗದಲ್ಲಿ ಸ್ಕಾಟ್ಲಂಡದ ಜಾನ್ ಲೌಡನ್ ಮೆಕಾಡಮ್ ಎಂಬವನು ದಾರಿಯ ಶಾಸ್ತ್ರವನ್ನು ಎರಡು ಮಾತುಗಳಲ್ಲಿ ನಿಲ್ಲಿಸಿದನು. ನೆಲವು ಒಣಗಿದ್ದರೆ ಎಂಥ ಭಾರವನ್ನಾದರೂ ಹೊರುವುದೆಂಬುದು ಮೊದಲನೆಯದು. ಸಣ್ಣಗೆ ಒಡೆದ ಕಲ್ಲನ್ನು ಸಮನಾಗಿ ಹರವಿದರೆ ಮೇಲೆ ಓಡುವ ಗಾಲಿಗಳೇ ಅದನ್ನು ಗಟ್ಟಿಮಾಡುವವೆಂಬುದು ಎರಡನೆಯದು. ನಡುವೆ ಉಬ್ಬು, ಎರಡೂ ಬದಿಗೆ ನೀರು ಹರಿಯುವ ಕಾಲುವೆ, ಮೇಲೆ ಸಣ್ಣ ಕಲ್ಲಿನ ಹಾಸು, ಇಷ್ಟೇ ಅವನ ಉಪಾಯ. ಸೈಕಲ್ಲು ಹುಟ್ಟಿ ಬೆಳೆದದ್ದು ಇಂಥ ದಾರಿಗಳ ಮೇಲೆಯೇ. 1884ರಲ್ಲಿ ಸಾನ್ ಫ್ರಾನ್ಸಿಸ್ಕೋದ ಕಡೆಯಿಂದ ಹೊರಟು 1886ರ ಕೊನೆಗೆ ಜಪಾನಿನ ಯೊಕೊಹಾಮವನ್ನು ಮುಟ್ಟಿದ ಥಾಮಸ್ ಸ್ಟೀವನ್ಸನು ಏರಿದ್ದು ಮುಂದೆ ದೊಡ್ಡ ಗಾಲಿ, ಹಿಂದೆ ಸಣ್ಣ ಗಾಲಿಯುಳ್ಳ ಹಳೆಯ ಮಾದರಿಯ ಸೈಕಲ್ಲನ್ನು. ಗಾಳಿ ತುಂಬಿದ ಟಯರನ್ನು ಡನ್‌ಲಪ್ಪನು ತಂದದ್ದು 1888ರಲ್ಲಿ. ಸ್ಟೀವನ್ಸನಿಗೆ ಆ ಸುಖವೂ ಇರಲಿಲ್ಲ. ಆದರೂ ಲಾಹೋರದಿಂದ ಕಲಕತ್ತೆಗೆ ಬರುವ ಮಹಾಮಾರ್ಗವನ್ನು ಅವನು ಮನಸಾರೆ ಹೊಗಳಿರುವನು. ಆ ಮಾರ್ಗಕ್ಕೆ ಹಾಸಿದ್ದು ಕಂಕರವೆಂಬ ಸುಣ್ಣದ ಹರಳು. ಎರೆಹೊಲವನ್ನು ಉಳುವಾಗ ನೇಗಿಲಿಗೆ ಎಡತಾಕುವ ಬೆಳ್ಳನೆಯ ಹರಳನ್ನು ಬಲ್ಲ ಗದಗಿನ ರೈತನಿಗೆ ಈ ವಸ್ತುವಿನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಕಥೆಯಲ್ಲಿ ಒಂದು ವೈಪರೀತ್ಯವಿದೆ. ಅಮೇರಿಕೆಯ ಸೈಕಲ್ ಸವಾರರು 1880ರಲ್ಲಿ ಒಂದು ಸಂಘವನ್ನು ಕಟ್ಟಿದರು. ಒಳ್ಳೆಯ ದಾರಿಗಳೇ ವಿಷಯವಾಗಿದ್ದ ಒಂದು ಮಾಸಪತ್ರಿಕೆಯನ್ನು 1892ರಲ್ಲಿ ಹೊರಡಿಸಿದರು. ಹಳ್ಳಿಯ ಕೆಸರುದಾರಿಗಳನ್ನು ನುಣ್ಣಗೆ ಮಾಡಿಸಬೇಕೆಂದು ಸರಕಾರವನ್ನು ಪೀಡಿಸಿದರು. ದಾರಿಗಳು ನುಣ್ಣಗಾದವು. ಆದರೆ ಆ ನುಣುಪಿನ ಮೇಲೆ ಓಡಿ ಬಂದದ್ದು ಮೋಟಾರು. ತಾನೇ ಬೇಡಿ ಪಡೆದ ದಾರಿಯಿಂದ ಸೈಕಲ್ಲು ಅಂಚಿಗೆ ಸರಿಯಬೇಕಾಯಿತು. ಇಂದು ಹರಳಿನ ಹಾದಿಯನ್ನು ಹುಡುಕುವ ಸವಾರನು ತನ್ನ ಮುತ್ತಜ್ಜನು ಯಾವುದರಿಂದ ಪಾರಾಗಲು ಹೋರಾಡಿದನೋ ಅದನ್ನೇ ಹುಡುಕಿಕೊಂಡು ಹೊರಟಿರುವನು. ಈ ಅಂಶವನ್ನು ಮರೆತ ಬರಹಗಾರನು ಮೊದಲನೆಯ ಪುಟದಲ್ಲಿಯೇ ಎಡವುವನು.

ಈ ಹೊಸ ಆಸಕ್ತಿಗೆ ರೂಪ ಬಂದದ್ದು ಇಟಲಿಯ ತಸ್ಕನಿ ಪ್ರಾಂತದಲ್ಲಿ. ಅಲ್ಲಿಯ ಕಿಯಾಂತಿ ಎಂಬ ಸೀಮೆಯು ದ್ರಾಕ್ಷಾರಸಕ್ಕೆ ಹೆಸರಾದುದು. ಸಿಯೆನಾ ಪಟ್ಟಣದ ಸುತ್ತಲೂ ದ್ರಾಕ್ಷಿಯ ಸಾಲು, ಆಲಿವ್ ತೋಪುಗಳ ನಡುವೆ ಬೆಳ್ಳನೆಯ ಹರಳಿನ ಹಾದಿಗಳು ಹಬ್ಬಿರುವವು. ಅವುಗಳನ್ನು ಜನರು ಬಿಳಿಯ ಹಾದಿಗಳೆಂದೇ ಕರೆಯುವರು. ಒಂದೊಂದಾಗಿ ಡಾಂಬರಿನ ಪಾಲಾಗುತ್ತಿದ್ದ ಈ ಹಾದಿಗಳನ್ನು ಉಳಿಸಬೇಕೆಂದು 1997ರಲ್ಲಿ ಜಾನ್‌ಕಾರ್ಲೊ ಬ್ರೊಕ್ಕಿ ಎಂಬವರು ಗಾಯೋಲೆ ಎಂಬ ಸಣ್ಣ ಊರಿನಿಂದ ‘ಎರೋಯಿಕಾ’ ಎಂಬ ಸವಾರಿಯನ್ನು ಏರ್ಪಡಿಸಿದರು. ಆ ವರುಷ ಕೂಡಿದವರು 92 ಜನ. ಏರಬೇಕಾದದ್ದು ಹಳೆಯ ಮಾದರಿಯ ಸೈಕಲ್ಲುಗಳನ್ನು. ಮುಂದೆ ಕೂಡುವವರ ಸಂಖ್ಯೆ ಸಾವಿರಗಳಿಗೆ ಏರಿತು. 2007ರಿಂದ ಅದೇ ಹಾದಿಗಳ ಮೇಲೆ ವೃತ್ತಿಯ ಸವಾರರ ದೊಡ್ಡ ಪಂದ್ಯವೂ ನಡೆಯುತ್ತ ಬಂದಿರುವುದು. ಯಾವ ಹಾದಿಯು ಬಡತನದ ಗುರುತೆಂದು ಎಣಿಸಲ್ಪಟ್ಟಿತ್ತೋ ಅದು ನಾಡಿನ ಆಭರಣವೆನಿಸಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಅದರ ಬೆನ್ನಿಗೆ ಬಂದ ಬರವಣಿಗೆಯನ್ನು ತೂಗುವಾಗ ಈ ಗೌರವವನ್ನು ಸಲ್ಲಿಸಿಯೇ ತೂಗಬೇಕು.

ಈ ಬರವಣಿಗೆಯ ಮುಖ್ಯವಾದ ಗುಣ ಅದರ ಖಚಿತತೆ. ಎಷ್ಟು ಮೈಲಿಗೆ ಏರು, ಎಲ್ಲಿ ಇಳಿಜಾರು, ಯಾವ ತಿರುವಿನಲ್ಲಿ ಹರಳು ಸಡಿಲ, ಎಲ್ಲಿ ಕುಡಿಯುವ ನೀರು ಎಂಬುದನ್ನು ಅದು ತಪ್ಪದೆ ಹೇಳುವುದು. ತನ್ನ ಮಾತನ್ನು ನಂಬಿ ಮತ್ತೊಬ್ಬನು ಆ ಹಾದಿಯಲ್ಲಿ ಹೋಗುವನೆಂಬ ಅರಿವು ಬರೆಯುವವನಿಗೆ ಸದಾ ಇರುವುದು. ಬರೆಯುವ ಮಾತಿಗೆ ಹೀಗೆ ಹೊಣೆಯಾಗುವುದು ಉತ್ತಮ ಗದ್ಯದ ಮೊದಲ ಲಕ್ಷಣ. ಮನೆಯಲ್ಲಿ ಕುಳಿತು ನಿಸರ್ಗವನ್ನು ಹೊಗಳುವ ಎಷ್ಟೋ ಪ್ರಬಂಧಗಳಲ್ಲಿ ಈ ಹೊಣೆ ಕಾಣಬರುವುದಿಲ್ಲ. ಎರಡನೆಯ ಗುಣ ಅದರ ವೇಗದ ಮಿತಿ. ರೈಲಿನಲ್ಲಿ ಹೋಗುವವನು ಕಿಟಕಿಯಷ್ಟನ್ನೇ ಕಾಣುವನು. ಸೈಕಲ್ಲಿನವನು ಮಣ್ಣಿನ ಬಣ್ಣ ಬದಲಾದುದನ್ನು ಗಾಲಿಯ ಸಪ್ಪಳದಿಂದಲೇ ತಿಳಿಯುವನು, ಗಾಳಿಯ ದಿಕ್ಕನ್ನು ತೊಡೆಯಿಂದ ಅರಿಯುವನು. ಇಂಥ ಅನುಭವದಿಂದ ಬಂದ ವಿವರಕ್ಕೆ ಬೇರೆಯೇ ಒಂದು ಬಿಗಿ ಇರುವುದು.

ಇನ್ನು ದೋಷಗಳು. ಕನ್ನಡದ ಚಂಪೂಕಾವ್ಯಗಳನ್ನು ಓದಿದವರಿಗೆ ಅಷ್ಟಾದಶ ವರ್ಣನೆಗಳೆಂದರೇನೆಂಬುದು ಗೊತ್ತಿರುವುದು. ಕಡಲು, ಬೆಟ್ಟ, ಪುರ, ಋತು, ಚಂದ್ರೋದಯ, ಸೂರ್ಯೋದಯ, ಉಪವನ, ಜಲಕ್ರೀಡೆ ಎಂದು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರು. ಪಂಪನಂಥವನ ಕೈಯಲ್ಲಿ ಈ ವಿಧಿಯು ಬಂಧನವಾಗಲಿಲ್ಲ; ಬನವಾಸಿಯ ಮೇಲಿನ ಅವನ ಮೋಹವು ವರ್ಣನೆಯ ಅಚ್ಚನ್ನು ಒಡೆದು ಹೊರಹೊಮ್ಮಿತು. ಆದರೆ ಪಂಪನ ಶಕ್ತಿಯಿಲ್ಲದ ಹಿಂಬಾಲಕರ ಕೈಯಲ್ಲಿ ಯಾವ ಊರೂ ಯಾವ ಊರಾದರೂ ಆಗಬಹುದಾದ ಸ್ಥಿತಿ ಬಂದಿತು. ಹೊಸ ಹಾದಿಬರಹಕ್ಕೂ ಇದೇ ರೋಗ ತಗಲಿದೆ. ಬಿಳಿಯ ಹಾದಿ, ಅಂಚಿನಲ್ಲಿ ಸುರುಗಿ ನಿಂತ ಸೈಪ್ರೆಸ್ ಮರಗಳ ಸಾಲು, ದಿಬ್ಬದ ಮೇಲೆ ಕಲ್ಲಿನ ಮನೆ, ಬೆಳ್ಳಿಯ ಬಣ್ಣದ ಆಲಿವ್ ಎಲೆ, ಕೊನೆಗೆ ಹೊಂಬಿಸಿಲು ಮತ್ತು ಊಟದ ಮೇಜು. ಇವುಗಳನ್ನು ಕ್ರಮವಾಗಿ ಇಟ್ಟರೆ ಬರಹ ಮುಗಿಯಿತು. ಹದಿನೆಂಟರ ಬದಲು ಐದು ಎಂಬಷ್ಟೇ ಭೇದ.

ಇದಕ್ಕಿಂತ ದೊಡ್ಡ ದೋಷ ಮೌನದ ವಿಷಯದಲ್ಲಿರುವುದು. ಈ ಬರಹಗಳಲ್ಲಿ ಅತ್ಯಂತ ಹೆಚ್ಚಾಗಿ ಬರುವ ಹೊಗಳಿಕೆ ಹಾದಿಯ ನಿಶ್ಶಬ್ದತೆಯನ್ನು ಕುರಿತದ್ದು. ಆದರೆ ಆ ನಿಶ್ಶಬ್ದತೆ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಒಂದು ಹಾದಿಯು ಎರಡು ಕಾರಣಗಳಿಂದ ಸುಮ್ಮನಿರಬಹುದು. ಅದರಲ್ಲಿ ನಡೆಯುವ ಕೆಲಸವು ಸದ್ದಿಲ್ಲದ ಕೆಲಸವಾಗಿರಬಹುದು. ಇಲ್ಲವೆ ಆ ಹಾದಿಯಲ್ಲಿ ನಡೆಯಬೇಕಾದವರು ಊರನ್ನೇ ಬಿಟ್ಟು ಹೋಗಿರಬಹುದು. ಮೊದಲನೆಯದು ಬಾಳಿನ ಮೌನ, ಎರಡನೆಯದು ಪಾಳಿನ ಮೌನ. ಸವಾರನ ಕಿವಿಗೆ ಎರಡೂ ಒಂದೇ ಬಗೆಯಾಗಿ ಹಿತವಾಗುವವು. ಬರಹಗಾರನ ವಿವೇಕಕ್ಕೆ ಮಾತ್ರ ಅವು ಬೇರೆಬೇರೆಯಾಗಿ ತೋರಬೇಕು. ಈ ಭೇದವನ್ನು ತೋರಿಸದ ಬರಹವು ಎಷ್ಟು ಸೊಗಸಾಗಿದ್ದರೂ ಅರೆಯಾದ ಬರಹವೇ ಸರಿ.

ಹಳೆಯ ಸೈಕಲ್ ಪ್ರವಾಸಿಗಳಲ್ಲಿ ಈ ದೋಷ ಇರಲಿಲ್ಲ. ಅವರಿಗೆ ಬೇರೆ ದೋಷಗಳಿದ್ದವು. ಸ್ಟೀವನ್ಸನು ಏಶಿಯದ ಜನರನ್ನು ಹಲವೆಡೆ ಮೇಲಿನಿಂದ ನೋಡಿ ನಗುವನು. ಆದರೆ ಹಾದಿಯನ್ನು ಕುರಿತು ಸುಳ್ಳು ಹೇಳುವುದಿಲ್ಲ. 1923ರಲ್ಲಿ ಮುಂಬಯಿಯಿಂದ ಆರು ಜನ ಪಾರಸಿ ತರುಣರು ಜಗತ್ತನ್ನು ಸುತ್ತಲು ಸೈಕಲ್ಲೇರಿ ಹೊರಟರು. ಅವರಲ್ಲಿ ಆದಿ ಹಕೀಮ, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗರಾ ಎಂಬ ಮೂವರು 1928ರಲ್ಲಿ ಯಾತ್ರೆಯನ್ನು ಪೂರೈಸಿ ಮರಳಿದರು. ತಮ್ಮ ಕಥನವನ್ನು 1931ರಲ್ಲಿ ಪ್ರಕಟಿಸಿದರು. ಇವರೆಲ್ಲರಿಗೂ ಹಾದಿಯೆಂಬುದು ದಾಟಬೇಕಾದ ಅಡ್ಡಿ. ಮರಳು, ಬಿಸಿಲು, ನೀರಡಿಕೆಗಳು ಅವರ ವಿಷಯ. ಹಾದಿಯನ್ನು ರಮ್ಯವೆಂದು ಕರೆಯಲು ಅವರಿಗೆ ಬಿಡುವಿರಲಿಲ್ಲ. ಇಂದಿನವರಿಗೆ ಬಿಡುವಿದೆ, ಅಡ್ಡಿಯಿಲ್ಲ. ಉತ್ತಮ ಬರಹಕ್ಕೆ ಎರಡೂ ಬೇಕು: ಹಳಬರ ಪ್ರಾಮಾಣಿಕತೆಯೂ ಬೇಕು, ಹೊಸಬರ ಸಾವಧಾನವೂ ಬೇಕು. ಕನ್ನಡದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯು ಹಂಪೆಯ ಪ್ರವಾಸವನ್ನು ಕುರಿತು ಬರೆದದ್ದು. ಕಂಡ ಸ್ಥಳವನ್ನು ನಾಡಿನ ಬಾಳಿನೊಡನೆ ಕೂಡಿಸಿ ಕಾಣುವ ಆ ಪದ್ಧತಿಯು ಹಾದಿಬರಹಕ್ಕೂ ಒಳ್ಳೆಯ ಮೇಲ್ಪಂಕ್ತಿಯಾಗಬಲ್ಲುದು.

ಈ ಅಳತೆಗೋಲನ್ನು ಹಿಡಿದು ಗದಗಿನ ಕಡೆಗೆ ತಿರುಗಬಹುದು. ಗದಗ-ಹುಬ್ಬಳ್ಳಿಯ ದಾರಿಯ ಮೇಲಿರುವ ಬಿಂಕದಕಟ್ಟಿಯನ್ನು ಸುತ್ತಲಿನ ಜನರು ಅಲ್ಲಿಯ ಪ್ರಾಣಿಸಂಗ್ರಹಾಲಯದಿಂದ ಬಲ್ಲರು. ಆದರೆ ಆ ಊರಿಗೆ ಇನ್ನೊಂದು ಮಹತ್ವವುಂಟು. ಮುಂಡರಗಿ, ಶಿರಹಟ್ಟಿಗಳ ಕಡೆಗೆ ಸಾಗುವ ಕಪ್ಪತಗುಡ್ಡದ ಸಾಲು ಇಲ್ಲಿಂದಲೇ ಆರಂಭವಾಗುವುದೆಂದು ಹೇಳುವರು. ಇಲ್ಲಿಂದ ಹೆದ್ದಾರಿಯನ್ನು ಬಿಟ್ಟು ಹೊಲದ ಕಡೆಗೆ ಹೊರಳಿದ ಸವಾರನಿಗೆ ದ್ರಾಕ್ಷಿಯೂ ಕಾಣದು, ಆಲಿವ್ ಮರವಂತೂ ಮೊದಲೇ ಇಲ್ಲ. ಕಾಣುವುದು ಕಪ್ಪು ಎರೆಯ ಬಯಲು. ಗುಡ್ಡದ ಬುಡ ಹತ್ತಿರವಾದಂತೆ ಕೆಂಪು ಮಸಾರಿ ನೆಲ. ಎರಡರ ನಡುವೆ ಗರಸು ಹಾಕಿದ ಚಕ್ಕಡಿ ರಸ್ತೆ. ಮುಂಗಾರಿನಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಗಿಡ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಆಗ್ನೇಯಕ್ಕೆ ಹೋದರೆ ಡಂಬಳ. ಅಲ್ಲಿ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದಾಕಾರದಲ್ಲಿ ಕಟ್ಟಿದ ದೊಡ್ಡಬಸಪ್ಪನ ಗುಡಿ. ನೈರುತ್ಯಕ್ಕೆ ಹೋದರೆ ಮುಳಗುಂದ; ಅಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನ ನೆನಪು. ಅದರಾಚೆ ಲಕ್ಷ್ಮೇಶ್ವರ, ಅದೇ ಹಿಂದಿನ ಪುಲಿಗೆರೆ.

ಪುಲಿಗೆರೆಯ ಹೆಸರು ಬಂದಮೇಲೆ ಒಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಪುಲಿಗೆರೆಯನ್ನು ಹೆಸರಿಸಿರುವುದು. ಕಾವ್ಯದ ಶೈಲಿಗೆ ‘ಮಾರ್ಗ’ವೆಂದು, ಎಂದರೆ ದಾರಿಯೆಂದು ಹೆಸರಿಟ್ಟ ನುಡಿ ಇದು. ಮಾರ್ಗಕ್ಕೆ ಎದುರಾಗಿ ದೇಸಿ ಎಂದರು. ಎಲ್ಲರೂ ನಡೆಯುವ ಹೆದ್ದಾರಿ ಒಂದು. ಆ ನೆಲದವರಷ್ಟೇ ಬಲ್ಲ ಒಳದಾರಿ ಇನ್ನೊಂದು. ಈ ಸೀಮೆಯ ಗರಸು ಹಾದಿಯನ್ನು ತಸ್ಕನಿಯ ಬಿಳಿಯ ಹಾದಿಯ ಮಾತಿನಲ್ಲಿ ವರ್ಣಿಸುವವನು ಮಾರ್ಗದ ಹಂಗಿನಲ್ಲಿ ದೇಸಿಯನ್ನು ಕಳೆದುಕೊಳ್ಳುವನು. ಅನಾವಶ್ಯಕವಾದ ಸಂಸ್ಕೃತದ ಬೆರಕೆಯನ್ನು ಹಳಿದ ನಯಸೇನನ ಊರಿಗೆ ಹೋಗುವ ದಾರಿಯಲ್ಲಿ ಇದೊಂದು ಎಚ್ಚರ ಇರತಕ್ಕದ್ದು. ಎರೆ, ಮಸಾರಿ, ಗರಸು, ಬದು, ಒಡ್ಡು, ಹಳ್ಳ, ಬಣವೆ ಎಂಬ ಮಾತುಗಳೇ ಇಲ್ಲಿಯ ವರ್ಣನೆಗೆ ಸಾಕು.

ಈಗ ಮೌನದ ಪ್ರಶ್ನೆ. ಪುಷ್ಯ ಮಾಸದ ಒಂದು ಮುಂಜಾವಿನಲ್ಲಿ ಈ ಹಾದಿಯಲ್ಲಿ ಸಾಗುವ ಸವಾರನಿಗೆ ಎರಡೂ ಬದಿಗೆ ಹೊಡೆ ಬಿಚ್ಚಿದ ಬಿಳಿಜೋಳ, ಕೆಳಗೆ ಗಾಲಿಯಡಿಯಲ್ಲಿ ಗರಸಿನ ಸಣ್ಣ ಸಪ್ಪಳ, ದೂರದ ಗುಡ್ಡದ ನೆತ್ತಿಯಲ್ಲಿ ಸಾವಕಾಶವಾಗಿ ತಿರುಗುವ ಗಾಳಿಯಂತ್ರಗಳು ಕಾಣಬರುವವು. ಸುಖವು ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದೇ ಹಾದಿಗೆ ಶ್ರಾವಣ ಭಾದ್ರಪದಗಳಲ್ಲಿ ಬೇರೊಂದು ಮುಖವಿರುವುದು. ಗರಸು ಮುಗಿದು ಎರೆ ಆರಂಭವಾದ ಜಾಗದಲ್ಲಿ ಒಂದು ಹದ ಮಳೆಯಾದರೆ ಸಾಕು. ಮಣ್ಣು ಗಾಲಿಗೆ ಮೆತ್ತಿ, ಗಾಲಿಗೂ ಚೌಕಟ್ಟಿಗೂ ನಡುವೆ ತುಂಬಿಕೊಂಡು, ಸೈಕಲ್ಲು ಮುಂದೆ ಉರುಳದು, ಹಿಂದೆ ಸರಿಯದು. ಸವಾರನು ಅದನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾಗುವುದು. ಮನೆಗೆ ಹೋಗಿ ಅದನ್ನೊಂದು ಮೋಜಿನ ಕಥೆಯಾಗಿ ಹೇಳಬಹುದು. ಹೊಲದವನಿಗೆ ಆ ಮೋಜಿಲ್ಲ. ಹೆಸರಿನ ಕಾಯಿ ಕಪ್ಪಾಗಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಚಕ್ಕಡಿ ಹೊಲಕ್ಕೆ ಇಳಿಯದು, ಟ್ರ್ಯಾಕ್ಟರೂ ಹೂತುಕೊಳ್ಳುವುದು, ಕಾಳು ಗಿಡದಲ್ಲಿಯೇ ಮೊಳೆಯುವುದು. ಒಂದು ಹರದಾರಿಯ ಗರಸು ಇದ್ದರೆ ಆ ವರುಷದ ಬಾಳು ಉಳಿಯುತ್ತಿತ್ತು. ಸವಾರನು ಯಾವುದನ್ನು ‘ಇನ್ನೂ ಕೆಡದ ಹಾದಿ’ ಎನ್ನುವನೋ ಅದನ್ನು ರೈತನು ‘ಇನ್ನೂ ಆಗದ ರಸ್ತೆ’ ಎನ್ನುವನು. ಇಬ್ಬರೂ ನೋಡುತ್ತಿರುವುದು ಒಂದೇ ನೆಲವನ್ನು.

ಇಲ್ಲಿಯೇ ಈ ಬಗೆಯ ಬರವಣಿಗೆಯ ನಿಜವಾದ ಪರೀಕ್ಷೆ. ರೈತನಿಗೆ ಬೇಕಾದ ದಾರಿಯನ್ನು ಸವಾರನ ರುಚಿಗಾಗಿ ತಡೆಯಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಾರರು. ಆದರೆ ಡಾಂಬರು ಬಂದುದಕ್ಕೆ ಮರುಗುವ, ಹಾದಿಯು ಹಾಳಾಯಿತೆಂದು ಹಲುಬುವ ಬರಹವು ಅದನ್ನೇ ಬೇರೆ ಮಾತಿನಲ್ಲಿ ಹೇಳಿದಂತಾಗುವುದು. 2000ದ ಡಿಸೆಂಬರದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ದಾರಿಯಿಲ್ಲದ ಹಳ್ಳಿಗಳಿಗೆ ಎಲ್ಲ ಕಾಲಕ್ಕೂ ಸಲ್ಲುವ ದಾರಿಯನ್ನು ಕೊಡಲು ಹುಟ್ಟಿದುದು. ಹೊಲಗಳಿಗೆ ದಾರಿ ಮಾಡುವ ‘ನಮ್ಮ ಹೊಲ, ನಮ್ಮ ದಾರಿ’ ಎಂಬ ಕಾರ್ಯಕ್ರಮವು ಉದ್ಯೋಗ ಖಾತ್ರಿಯ ಕೆಲಸವಾಗಿ ಕರ್ನಾಟಕದಲ್ಲಿ ನಡೆದುದು. ಆ ಹೆಸರಿನ ಎರಡು ಮಾತುಗಳಲ್ಲಿ ಇಡೀ ವಿಚಾರವೇ ಅಡಗಿದೆ. ದಾರಿಯು ಮೊದಲು ಹೊಲದವನದು; ಆಮೇಲೆ ಹಾಯ್ದು ಹೋಗುವವನದು.

ಹಾಗಾದರೆ ಗರಸು ಹಾದಿಯನ್ನು ಮೆಚ್ಚುವುದೇ ತಪ್ಪೆ? ಹಾಗೇನೂ ಅಲ್ಲ. ತಸ್ಕನಿಯ ಉದಾಹರಣೆಯನ್ನು ಸರಿಯಾಗಿ ಓದಿದರೆ ಉತ್ತರವು ಅಲ್ಲಿಯೇ ದೊರೆಯುವುದು. ಅಲ್ಲಿಯ ಬಿಳಿಯ ಹಾದಿಗಳು ಉಳಿದದ್ದು ಯಾರೂ ಮುಟ್ಟದೆ ಬಿಟ್ಟದ್ದರಿಂದಲ್ಲ. ಮುಟ್ಟದೆ ಬಿಟ್ಟ ಹರಳಿನ ಹಾದಿ ಕೆಲವು ಮಳೆಗಾಲಗಳಲ್ಲಿಯೇ ಕೊರಕಲಾಗಿ ಹೋಗುವುದು. ಕಾಲಕಾಲಕ್ಕೆ ಹರಳು ಹಾಕಿ, ಉಬ್ಬು ತಿದ್ದಿ, ಬದಿಯ ಕಾಲುವೆಯ ಹೂಳು ತೆಗೆದಾಗಲೇ ಅದು ಹಾದಿಯಾಗಿ ನಿಲ್ಲುವುದು. ಆ ಖರ್ಚನ್ನು ಹೊರಲು ಅಲ್ಲಿ ದ್ರಾಕ್ಷಿಯೂ ಆಲಿವ್ ಎಣ್ಣೆಯೂ ಇನ್ನೂ ಬೆಲೆ ತರುತ್ತಿರುವವು. ತೋಟದವನು ತೋಟದಲ್ಲಿಯೇ ಇರುವನು. ಬೆಳೆಯು ಹಾದಿಯನ್ನು ಸಾಕಿದೆ, ಹಾದಿಯು ಬೆಳೆಯನ್ನು ಸಾಗಿಸಿದೆ. ಸವಾರನ ಸುಖವು ಆ ಒಕ್ಕಲುತನದ ಉಪಫಲ. ಮೆಕಾಡಮ್ಮನ ಶಾಸ್ತ್ರವೂ ಇದನ್ನೇ ಹೇಳುವುದು. ಆದುದರಿಂದ ಬಿಂಕದಕಟ್ಟಿಯ ಗರಸು ಹಾದಿಯನ್ನು ಹೊಗಳುವವನು ಅದರ ಮೇಲೆ ಮೊನ್ನೆ ಗರಸು ಹರವಿದ ಕೈಗಳನ್ನೂ, ಕಾಲುವೆಯ ಹೂಳನ್ನು ಎತ್ತಿದ ಬುಟ್ಟಿಯನ್ನೂ ಹೊಗಳತಕ್ಕದ್ದು. ಅವು ಕಾಣದಿದ್ದರೆ ಅವನು ಹಾದಿಯನ್ನು ಕಂಡಂತಾಗಲಿಲ್ಲ.

ಗರಸು ಎಲ್ಲಿಂದ ಬಂದಿತೆಂಬುದನ್ನೂ ಕೇಳಬೇಕಾಗುವುದು. ಗರಸು ಆಕಾಶದಿಂದ ಉದುರಿದುದಲ್ಲ. ಯಾವುದೋ ದಿಬ್ಬವನ್ನು ಅಗೆದು ತಂದುದು. ಕಪ್ಪತಗುಡ್ಡವು ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಗುಡ್ಡ. ಅದರ ಒಡಲಿನ ಖನಿಜಗಳ ಮೇಲೆ ಕಣ್ಣಿಟ್ಟವರೂ ಇದ್ದರು. ಜನರ ಬಹುದಿನದ ಹೋರಾಟದ ಬಳಿಕ ಅದು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಗುಡ್ಡವನ್ನು ಉಳಿಸಬೇಕು, ಹಾದಿಯೂ ಬೇಕು ಎಂಬ ಇಕ್ಕಟ್ಟು ಇಲ್ಲಿಯ ದಿನದ ಬಾಳಿನದು. ದಾರಿಯ ಮೇಲಿನ ಒಂದು ಹಿಡಿ ಗರಸು ಈ ಇಕ್ಕಟ್ಟನ್ನೆಲ್ಲ ಹೇಳಬಲ್ಲುದು; ಅದನ್ನು ಓದಬಲ್ಲ ಕಣ್ಣು ಬೇಕು.

ಮೌನವು ಕೇವಲ ಸವಾರನ ಭೋಗವಲ್ಲವೆಂಬುದಕ್ಕೂ ಈ ಸೀಮೆಯಲ್ಲಿಯೇ ಸಾಕ್ಷಿಯುಂಟು. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವವು. 2024ರ ಜನವರಿಯಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಯಲ್ಲಿ ಸೇರಿತು. ಆ ಹಕ್ಕಿಗಳಿಗೆ ನಿಶ್ಶಬ್ದತೆಯು ಅಲಂಕಾರವಲ್ಲ, ಆಶ್ರಯ. ಅವು ಮೇಯುವುದು ಸುತ್ತಲಿನ ರೈತರ ಹೊಲಗಳಲ್ಲಿ. ಕೆರೆಯ ಮೌನದ ಬೆಲೆಯಲ್ಲಿ ಒಂದು ಪಾಲನ್ನು ಆ ರೈತರು ಕಾಳಿನ ರೂಪದಲ್ಲಿ ತೆರುತ್ತಿರುವರು. ಮೌನಕ್ಕೆ ಬೆಲೆಯುಂಟೆಂಬುದನ್ನೂ, ಅದನ್ನು ಯಾರು ಕೊಡುವರೆಂಬುದನ್ನೂ ಹೇಳಿದ ಬರಹವೇ ಮೌನವನ್ನು ಹೊಗಳಲು ಅರ್ಹವಾದುದು.

ದ್ರಾಕ್ಷಿಯ ಹಾದಿಯನ್ನೇ ನೋಡಬೇಕೆನ್ನುವವನು ಗದಗಿನಿಂದ ಉತ್ತರಕ್ಕೆ ವಿಜಯಪುರ ಜಿಲ್ಲೆಯ ತಿಕೋಟೆಯ ಕಡೆಗೆ ಹೋಗಬೇಕು. ಅಲ್ಲಿ ಬಳ್ಳಿಗಳು ಕಂಬ, ತಂತಿಗಳ ಮೇಲೆ ಹಬ್ಬಿರುವವು. ಏಪ್ರಿಲ್ ಮತ್ತು ಅಕ್ಟೋಬರಗಳಲ್ಲಿ ಚಾಟ್ನಿಯ ಕೆಲಸ, ಫೆಬ್ರುವರಿಯ ಹೊತ್ತಿಗೆ ಕೊಯ್ಲು, ಆಮೇಲೆ ನೆರಳಿನಲ್ಲಿ ಹಣ್ಣನ್ನು ಹರವಿ ಮಾಡುವ ಒಣದ್ರಾಕ್ಷಿ. ಅಲ್ಲಿಯೂ ಹಾದಿಯ ಪ್ರಶ್ನೆ ಇದೇ. ಹಸಿಯ ಗೊನೆಯನ್ನು ಪೇಟೆಗೆ ಕಳಿಸುವವನಿಗೆ ಪ್ರತಿಯೊಂದು ತಗ್ಗೂ ನಷ್ಟ. ಕುಲುಕಿದ ಹಣ್ಣು ಒಡೆಯುವುದು, ಒಡೆದ ಹಣ್ಣು ಪೆಟ್ಟಿಗೆಯನ್ನೇ ಕೆಡಿಸುವುದು. ಸವಾರನ ಅಂಗೈಗೆ ಹಿತವೆನಿಸುವ ಗರಸಿನ ಕಂಪನವು ಬೆಳೆಗಾರನ ಲೆಕ್ಕದಲ್ಲಿ ರೂಪಾಯಿಯಾಗಿ ಕಾಣುವುದು. ದ್ರಾಕ್ಷಿಯ ತೋಟದ ಚೆಲುವನ್ನು ಬರೆಯುವವನು ಈ ಒಂದು ವಾಕ್ಯವನ್ನು ಬರೆದರೆ ಚೆಲುವೇನೂ ಕುಂದದು. ಅದಕ್ಕೆ ಬೇರು ಬಂದಂತಾಗುವುದು.

ಇನ್ನು ಈ ಹಾದಿಗಳ ನಿಜವಾದ ಸೈಕಲ್ ಸವಾರರು ಯಾರು? ದೂರದ ಊರಿನಿಂದ ಬೆಲೆಬಾಳುವ ಸೈಕಲ್ಲನ್ನು ತಂದು ಒಂದು ದಿನ ಓಡಿಸಿ ಹೋಗುವವರಲ್ಲ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಲಾರಂಭಿಸಿತು. ಅದರಿಂದ ಹೈಸ್ಕೂಲು ಇಲ್ಲದ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ಗಾಲಿಯ ಮೇಲೆ ಕುಳಿತು ಊರ ಗಡಿಯನ್ನು ದಾಟಿದರು. ಪಾಟೀಚೀಲವನ್ನು ಹಿಂದೆ ಕಟ್ಟಿಕೊಂಡು, ಎದುರುಗಾಳಿಗೆ ಬಾಗಿ, ಸಂಜೆಯ ಮೊದಲು ಮನೆ ಮುಟ್ಟಬೇಕೆಂದು ತುಳಿಯುವ ಹುಡುಗಿಗೆ ಹಾದಿಯ ನಿಶ್ಶಬ್ದತೆಯು ಬೇರೆ ಅರ್ಥವನ್ನು ಕೊಡಬಹುದು. ಜನರಿಲ್ಲದ ಹಾದಿ ಅವಳ ತಾಯಿಗೆ ಅಂಜಿಕೆಯ ಹಾದಿ. ಅವಳ ದೃಷ್ಟಿಯಿಂದ ಬರೆದ ಒಂದು ಹಾದಿಬರಹವು ಬರುವುದಾದರೆ ಅದು ಕನ್ನಡಕ್ಕೆ ಹೊಸ ಸೊತ್ತಾಗುವುದು. ತಸ್ಕನಿಯ ಮಾದರಿಯಲ್ಲಿ ಬರೆದ ನೂರು ಪುಟಗಳು ಅದಕ್ಕೆ ಸಾಟಿಯಾಗಲಾರವು.

ಈ ನಾಡಿನ ಒಕ್ಕಲಿಗರಿಗೆ ಹಾದಿಯ ಸುಖವು ತಿಳಿಯದೆಂದು ಭಾವ ಬರಬಾರದು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು, ಸಜ್ಜೆಯ ರೊಟ್ಟಿ, ಎಣಗಾಯಿ, ಹೋಳಿಗೆಗಳ ಬುತ್ತಿಯೊಡನೆ ಇದೇ ಹಾದಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುವರು. ಆ ದಿನ ಹಾದಿಯು ನಿಶ್ಶಬ್ದವಾಗಿರುವುದಿಲ್ಲ. ಗೆಜ್ಜೆಯ ಸರ, ಮಕ್ಕಳ ಕೂಗು, ಹೆಂಗಸರ ನಗೆ ತುಂಬಿರುವುದು. ಹಾದಿಯ ರಸವನ್ನು ಮೌನದಲ್ಲಿ ಮಾತ್ರ ಕಾಣಬೇಕೆಂಬ ನಿಯಮವನ್ನು ಯಾರು ಮಾಡಿದರು? ವರುಷವೆಲ್ಲ ದುಡಿದ ದಾರಿಯು ಒಂದು ದಿನ ಹಬ್ಬದ ದಾರಿಯಾಗುವ ಈ ಚಿತ್ರವು ಯಾವ ಆಲಿವ್ ತೋಪಿನ ಹೊಂಬಿಸಿಲಿಗೂ ಕಡಿಮೆಯದಲ್ಲ. ಇದು ದೇಸಿಯ ವರ್ಣನೆ. ಹದಿನೆಂಟರ ಪಟ್ಟಿಯಲ್ಲಿ ಸಿಗತಕ್ಕದ್ದಲ್ಲ.

ಒಟ್ಟಿನ ಮೇಲೆ ಈ ಹೊಸ ಪ್ರವಾಸ ವಾಙ್ಮಯವನ್ನು ತಿರಸ್ಕರಿಸಲು ಕಾರಣವಿಲ್ಲ. ಕಣ್ಣು ಮುಚ್ಚಿ ಅನುಕರಿಸಲೂ ಕಾರಣವಿಲ್ಲ. ಅದರ ಖಚಿತತೆಯನ್ನೂ ಸಾವಧಾನವನ್ನೂ ಕನ್ನಡವು ಕೈನೀಡಿ ಪಡೆಯಲಿ. ಅದರ ಸಿದ್ಧವರ್ಣನೆಗಳನ್ನೂ ಕಾರಣ ಕೇಳದ ಮೌನಸ್ತುತಿಯನ್ನೂ ಹೊರಗೆ ನಿಲ್ಲಿಸಲಿ. ಇಂಥ ಬರಹದ ಬೆಲೆಯನ್ನು ಕಟ್ಟಲು ವಿಮರ್ಶಕನಿಗೆ ದೊಡ್ಡ ಶಾಸ್ತ್ರವೇನೂ ಬೇಕಾಗದು. ಬಿಂಕದಕಟ್ಟಿಯಿಂದ ಹೊರಟ ಸವಾರನು ತನ್ನ ಬರಹವನ್ನು ಆ ಹಾದಿಯ ಬದುವಿನ ಮೇಲೆ ಬುತ್ತಿ ಬಿಚ್ಚಿ ಕುಳಿತ ರೈತನಿಗೆ ಓದಿ ತೋರಿಸಲಿ. “ಹೌದು, ಇದು ನನ್ನ ಹೊಲ, ಇದು ನನ್ನ ದಾರಿ” ಎಂದು ಅವನು ತಲೆದೂಗಿದರೆ ಬರಹವು ಗೆದ್ದಿತು. ಇದು ಯಾವ ಊರಿನದಪ್ಪಾ ಎಂದು ಅವನು ಕೇಳಿದರೆ ಸವಾರನು ಸೈಕಲ್ಲನ್ನು ತಿರುಗಿಸಿ ಅದೇ ಹಾದಿಯಲ್ಲಿ, ಈ ಸಲ ಮಳೆಗಾಲದಲ್ಲಿ, ಮತ್ತೊಮ್ಮೆ ಹೋಗಿ ಬರುವುದು ಲೇಸು.